ಮತ್ತೆ ಹಾಯಿ ಬಿಚ್ಚುವ ಮುನ್ನ: ಒಬ್ಬರೇ ಓಡಿಸುವ ರೇಸಿಂಗ್ ಡಿಂಗಿ ಆರಿಸುವುದು ಹೇಗೆ

ಇಪ್ಪತ್ತೆರಡು ವರ್ಷ ಬಿಟ್ಟು ಮತ್ತೆ ಡಿಂಗಿ, ಅಂದರೆ ಚಿಕ್ಕ ಹಾಯಿದೋಣಿ, ಹತ್ತಲು ಹೊರಟಾಗ ನಾನು ಮಾಡಿದ ಮೊದಲ ಕೆಲಸ ತಪ್ಪು ದೋಣಿ ಕೊಂಡದ್ದು.

ಮಂಗಳೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿ ನೌಕಾದಳದ ಕೆಡೆಟ್ ಆಗಿದ್ದೆ. ಅಳಿವೆಯ ನೀರಲ್ಲಿ, ಎಂಟರ್‌ಪ್ರೈಸ್ ಅನ್ನುವ ಇಬ್ಬರ ದೋಣಿಯಲ್ಲಿ ಕಲಿತೆ. ಆಮೇಲೆ ಕೆಲಸ, ಮದುವೆ, ಮಕ್ಕಳು, ಇಂಗ್ಲೆಂಡ್. ನಲವತ್ತಾರನೇ ವಯಸ್ಸಿನಲ್ಲಿ ಒಂದು ಭಾನುವಾರ ಮನೆ ಹತ್ತಿರದ ಜಲಾಶಯದ ಪಕ್ಕ ಕಾರಲ್ಲಿ ಹೋಗುವಾಗ ಬಿಳಿ ಹಾಯಿಗಳು ಕಂಡವು. ಅಷ್ಟೇ ಸಾಕಾಯಿತು. ಆ ರಾತ್ರಿಯೇ ಹಳೇ ದೋಣಿಗಳ ಜಾಹೀರಾತು ತಿರುವುತ್ತಾ ಕೂತೆ. ಎರಡು ವಾರದಲ್ಲಿ ಅಂಗಳದಲ್ಲಿ ಒಂದು ಕಂಟೆಂಡರ್ ಬಂದು ನಿಂತಿತ್ತು.

ಕಂಟೆಂಡರ್ ಚೆಂದದ ದೋಣಿ. ಸುಮಾರು 4.9 ಮೀಟರ್ ಉದ್ದ. ಮಾಸ್ಟಿನಿಂದ, ಅಂದರೆ ಹಾಯಿಕಂಬದಿಂದ, ಇಳಿದ ತಂತಿಗೆ ಸೊಂಟ ಸಿಕ್ಕಿಸಿಕೊಂಡು, ದೋಣಿಯ ಅಂಚಿನ ಮೇಲೆ ನಿಂತು, ನೀರಿನ ಮೇಲೆ ನೇತಾಡುತ್ತಾ ಓಡಿಸಬೇಕು. 1967ರಲ್ಲಿ ಅದನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಬಾಬ್ ಮಿಲ್ಲರ್. ಅವರೇ ಮುಂದೆ ಬೆನ್ ಲೆಕ್ಸೆನ್ ಎಂದು ಹೆಸರು ಬದಲಿಸಿಕೊಂಡರು. 1983ರಲ್ಲಿ ಅಮೆರಿಕಾಸ್ ಕಪ್ ಅನ್ನುವ ಹೆಸರಾಂತ ಹಾಯಿದೋಣಿ ಸ್ಪರ್ಧೆ ಗೆದ್ದ ಆಸ್ಟ್ರೇಲಿಯಾ-2 ದೋಣಿ ಕೂಡ ಅವರ ವಿನ್ಯಾಸವೇ. ಇದನ್ನೆಲ್ಲ ಓದಿ ತಲೆಗೇರಿಸಿಕೊಂಡೆ. ಓದದೇ ಬಿಟ್ಟದ್ದು ನನ್ನ ಮೊಣಕಾಲಿನ ಎಕ್ಸ್-ರೇ ವರದಿ ಮಾತ್ರ.

ಮೊದಲ ಗಾಳಿ ಇದ್ದ ದಿನ ಏಳು ಸಲ ಮಗುಚಿದೆ. ಏಳನೇ ಸಲ ರಕ್ಷಣಾ ದೋಣಿಯವರು ನನ್ನನ್ನು ಕೇಳದೇ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ದಡದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಚಹಾ ಕೈಗಿಟ್ಟು, "ದೋಣಿ ಚೆನ್ನಾಗಿದೆ. ಯಾರಿಗೆ ಕೊಂಡಿರಿ?" ಎಂದು ಕೇಳಿದರು. ನಗಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ನಾನು ಕೊಂಡದ್ದು ಇಪ್ಪತ್ತನಾಲ್ಕು ವರ್ಷದ ಹುಡುಗನ ದೋಣಿ. ಓಡಿಸಬೇಕಾದವನು ನಲವತ್ತಾರರವನು. ಬಿಟ್ಟು ಬಂದ ಆಟಕ್ಕೆ ಮರಳುವವರಲ್ಲಿ ಸುಮಾರು ಜನ ಹೀಗೇ ಎಡವುತ್ತಾರೆ. ಈ ಲೇಖನ ಅವರಿಗಾಗಿ. ಉದಾಹರಣೆಗಳೆಲ್ಲ ಹೆಚ್ಚಾಗಿ ಬ್ರಿಟನ್ನಿನವು, ಏಕೆಂದರೆ ನಾನು ಓಡಿಸುವುದು ಇಲ್ಲಿ, ಇಷ್ಟೊಂದು ಬಗೆಯ ಡಿಂಗಿಗಳು ಸಿಗುವುದೂ ಇಲ್ಲಿ. ಬೆಂಗಳೂರಿನವರಿಗೆ ಹೇಳಬೇಕಾದ ಮಾತು ಬೇರೆ, ನಡುವೆ ಹೇಳುತ್ತೇನೆ.

ಮೊದಲು ಕ್ಲಬ್ ನೋಡಿ, ದೋಣಿ ಆಮೇಲೆ

ಯಾವ ದೋಣಿ ಒಳ್ಳೆಯದು ಅಂತ ಹುಡುಕುವ ಮೊದಲು, ಮನೆಯಿಂದ ಅರ್ಧ ಗಂಟೆ ಒಳಗಿರುವ ಕ್ಲಬ್‌ಗೆ ಭಾನುವಾರ ಬೆಳಿಗ್ಗೆ ಹೋಗಿ ಸುಮ್ನೆ ನಿಂತು ನೋಡಿ. ಒಂದೇ ಸಲ ಅಲ್ಲ, ಮೂರು ಸಲ. ಯಾವ ದೋಣಿಗಳು ನೀರಿಗೆ ಇಳಿಯುತ್ತವೆ ಅಂತ ಎಣಿಸಿ. ದೋಣಿ ನಿಲ್ಲಿಸುವ ಜಾಗದಲ್ಲಿ ಎಷ್ಟಿವೆ ಅನ್ನುವುದು ಮುಖ್ಯ ಅಲ್ಲ. ಅಲ್ಲಿ ಅರ್ಧದಷ್ಟು ದೋಣಿಗಳ ಕವರ್ ಬಿಚ್ಚಿ ವರ್ಷವಾಗಿರುತ್ತದೆ.

ಯಾಕೆ ಈ ಎಣಿಕೆ? ರೇಸಿನಲ್ಲಿ ಎರಡು ಬಗೆ. ಒಂದು, ಎಲ್ಲರೂ ಒಂದೇ ಬಗೆಯ ದೋಣಿಯಲ್ಲಿ ಓಡುವುದು. ಮೊದಲು ಗುರಿ ದಾಟಿದವರು ಗೆದ್ದರು, ಮುಗಿಯಿತು. ಇನ್ನೊಂದು, ಬೇರೆ ಬೇರೆ ದೋಣಿಗಳು ಒಟ್ಟಿಗೆ ಓಡಿ, ಆಮೇಲೆ ಲೆಕ್ಕ ಹಾಕುವುದು. ಬ್ರಿಟನ್ನಿನಲ್ಲಿ ಈ ಲೆಕ್ಕಕ್ಕೆ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಅನ್ನುತ್ತಾರೆ. ಆರ್‌ವೈಎ, ಅಂದರೆ ಇಲ್ಲಿನ ರಾಯಲ್ ಯಾಟಿಂಗ್ ಅಸೋಸಿಯೇಷನ್, ಇದರ ಪಟ್ಟಿ ಪ್ರಕಟಿಸುತ್ತದೆ. ವೇಗದ ದೋಣಿಗೆ ಚಿಕ್ಕ ಸಂಖ್ಯೆ, ನಿಧಾನದ್ದಕ್ಕೆ ದೊಡ್ಡ ಸಂಖ್ಯೆ. ನೀವು ತೆಗೆದುಕೊಂಡ ಸಮಯವನ್ನು ಆ ಸಂಖ್ಯೆಯಿಂದ ಭಾಗಿಸಿ 1000ದಿಂದ ಗುಣಿಸುತ್ತಾರೆ.

ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಲೇಸರ್, ಫಿನ್ ಅನ್ನುವ ಎರಡು ಬಗೆಯ ದೋಣಿಗಳಿವೆ. ಲೇಸರ್ 1100, ಫಿನ್ 1050 ಅಂದುಕೊಳ್ಳಿ. ಫಿನ್‌ನವರು 53 ನಿಮಿಷಕ್ಕೆ, ಅಂದರೆ 3180 ಸೆಕೆಂಡಿಗೆ ಮುಗಿಸಿದರು. ಲೇಸರ್‌ನಲ್ಲಿದ್ದ ನೀವು 55 ನಿಮಿಷಕ್ಕೆ, 3300 ಸೆಕೆಂಡಿಗೆ ಮುಗಿಸಿದಿರಿ. ಲೆಕ್ಕ ಹಾಕಿದರೆ ಅವರದು 3029, ನಿಮ್ಮದು ಸರಿಯಾಗಿ 3000. ಎರಡು ನಿಮಿಷ ಹಿಂದೆ ಬಂದ ನೀವೇ ಗೆದ್ದಿರಿ.

ಕಾಗದದ ಮೇಲೆ ನ್ಯಾಯವಾಗೇ ಇದೆ. ಆದರೆ ರೇಸಿನ ಕೊನೆಯ ಹತ್ತು ನಿಮಿಷ ಗಾಳಿ ಬಿದ್ದುಹೋದರೆ? ವೇಗದ ದೋಣಿಗಳು ಆಗಲೇ ಮುಗಿಸಿ ಚಹಾ ಕುಡಿಯುತ್ತಿರುತ್ತವೆ. ನಿಧಾನದವರು ನೀರಲ್ಲಿ ತೇಲುತ್ತಾ ಸಮಯ ಕಳೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮರಳಿ ಬಂದವರಿಗೆ ಕಲಿಯಬೇಕಾದದ್ದು ಬಹಳ ಇರುತ್ತದೆ. ಪಕ್ಕದಲ್ಲಿ ನಿಮ್ಮದೇ ಬಗೆಯ ದೋಣಿ ಇದ್ದರೆ ಅದೇ ಗುರು. ಅವರು ಮುಂದೆ ಹೋದರೆ ಹಾಯಿ ಎಷ್ಟು ಎಳೆದಿದ್ದಾರೆ, ಎಲ್ಲಿ ಕೂತಿದ್ದಾರೆ ಅಂತ ತಕ್ಷಣ ನೋಡಬಹುದು. ಕಂಟೆಂಡರ್‌ನಲ್ಲಿ ನಾನೊಬ್ಬನೇ. ನಿಧಾನವಾಗಿ ಹೋದದ್ದು ಗಾಳಿಯಿಂದಲೋ, ಹಾಯಿಯಿಂದಲೋ, ನನ್ನಿಂದಲೋ ಗೊತ್ತೇ ಆಗುತ್ತಿರಲಿಲ್ಲ. ನಾನು ಗಾಳಿಯನ್ನೇ ಬೈಯುತ್ತಿದ್ದೆ, ಅದು ಬೇರೆ ಮಾತು.

ಹಾಗಾಗಿ ನನ್ನ ಸಲಹೆ ಇಷ್ಟು. ನಿಮ್ಮ ಕ್ಲಬ್‌ನಲ್ಲಿ ಯಾವುದೋ ಒಂದು ಬಗೆಯ ಐದಾರು ದೋಣಿ ಪ್ರತಿ ವಾರ ಇಳಿಯುತ್ತಿದ್ದರೆ, ಅದು ನಿಮ್ಮ ದೇಹಕ್ಕೆ ತೀರಾ ಹೊಂದದ್ದಲ್ಲದಿದ್ದರೆ, ಅದನ್ನೇ ಕೊಳ್ಳಿ. ಉಳಿದ ಲೇಖನ ಓದದಿದ್ದರೂ ಪರವಾಗಿಲ್ಲ.

ಎರಡನೆಯದು: ತಕ್ಕಡಿ, ಮೊಣಕಾಲು, ಸೊಂಟ

ಇಬ್ಬರ ದೋಣಿಯಲ್ಲಿ ತೂಕ ಹಂಚಿಕೊಳ್ಳಬಹುದು. ಒಬ್ಬರ ದೋಣಿಯಲ್ಲಿ ನೀವೇ ನಿಲುಭಾರ. ಗಾಳಿ ಹಾಯಿಯನ್ನು ಒಂದು ಕಡೆ ತಳ್ಳುತ್ತದೆ, ನೀವು ಇನ್ನೊಂದು ಕಡೆ ದೇಹ ಚಾಚಿ ದೋಣಿಯನ್ನು ಮಟ್ಟವಾಗಿ ಇಡಬೇಕು. ಹಾಯಿಗೆ ತಕ್ಕ ತೂಕ ಇಲ್ಲದಿದ್ದರೆ ಜೋರು ಗಾಳಿಯಲ್ಲಿ ಒದ್ದಾಟ. ತೂಕ ಜಾಸ್ತಿಯಾದರೆ ಮಂದ ಗಾಳಿಯಲ್ಲಿ ದೋಣಿ ಏಳುವುದೇ ಇಲ್ಲ.

ಆದ್ದರಿಂದ ತಕ್ಕಡಿ ಹತ್ತಿ. ಮದುವೆ ಆಲ್ಬಮ್ಮಿನ ತೂಕ ಬೇಡ, ಇವತ್ತಿನದು. 60 ಕೆಜಿ ಆಸುಪಾಸಿನವರಿಗೆ ಒಂದು ಗುಂಪು ದೋಣಿ, 75ರ ಸುತ್ತ ಇನ್ನೊಂದು, 90 ದಾಟಿದರೆ ಮತ್ತೊಂದು.

ಆಮೇಲೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಿಕೊಳ್ಳಿ. ದಿವಾನದ ಅಂಚಿನಲ್ಲಿ ಕೂತು, ಪಾದಗಳನ್ನು ಏನಾದರೂ ಭಾರದ ವಸ್ತುವಿನ ಕೆಳಗೆ ಸಿಕ್ಕಿಸಿ, ಬೆನ್ನು ಹಿಂದಕ್ಕೆ ಬಾಗಿಸಿ ಒಂದು ನಿಮಿಷ ಹಾಗೇ ಇರಿ. ಇದಕ್ಕೆ ಹೈಕಿಂಗ್ ಅನ್ನುತ್ತಾರೆ. ರೇಸಿನಲ್ಲಿ ಗಾಳಿಗೆ ಎದುರಾಗಿ ಹೋಗುವಷ್ಟು ಹೊತ್ತೂ ಇದೇ ಕೆಲಸ. ತೊಡೆ ಉರಿದರೆ ಸರಿ, ಅಭ್ಯಾಸದಿಂದ ಹೋಗುತ್ತದೆ. ಮೊಣಕಾಲಿನ ಚಿಪ್ಪಿನ ಕೆಳಗೆ ಚುಚ್ಚಿದರೆ ಅದು ಹೋಗುವ ನೋವಲ್ಲ, ವೈದ್ಯರನ್ನು ಕೇಳಿ. ಎರಡನೆಯದು, ಊಟದ ಮೇಜಿನ ಕೆಳಗೆ ಕುಕ್ಕರಗಾಲಿನಲ್ಲಿ ಈ ಬದಿಯಿಂದ ಆ ಬದಿಗೆ ದಾಟಿ. ತಲೆ ತಾಗಬಾರದು, ಕೈ ಊರಬಾರದು. ಹತ್ತು ಸಲ. ಹಾಯಿಯ ಕೆಳಗಿನ ಅಡ್ಡಕಂಬ, ಅಂದರೆ ಬೂಮ್, ಬದಿ ಬದಲಿಸುವಾಗ ನೀವು ಅದರಡಿ ದಾಟುವುದು ಹೀಗೇ. ಊರಲ್ಲಿ ಕುಕ್ಕರಗಾಲಲ್ಲಿ ಕೂತು ಬೆಳೆದ ನಮಗೆ ಇದರಲ್ಲಿ ಇಂಗ್ಲಿಷರಿಗಿಂತ ಸ್ವಲ್ಪ ಅನುಕೂಲ ಇದೆ ಅಂತ ನನ್ನ ನಂಬಿಕೆ. ನಾನು ಮೇಜಿನ ಕೆಳಗೆ ತೂರುವುದನ್ನು ನೋಡಿದ ಹೆಂಡತಿ, "ಏನ್ರೀ ಕಳೆದುಹೋಯ್ತು?" ಅಂದಳು.

ಲೇಸರ್: ಬಿಡಲೂ ಆಗದು, ಹಿಡಿಯಲೂ ಆಗದು

ಎಲ್ಲರ ಕಣ್ಣು ಮೊದಲು ಬೀಳುವುದು ಲೇಸರ್ ಮೇಲೆ. ಕೆನಡಾದ ಬ್ರೂಸ್ ಕರ್ಬಿ ಇದರ ವಿನ್ಯಾಸಕಾರ. 1971ರಲ್ಲಿ ಮಾರುಕಟ್ಟೆಗೆ ಬಂತು. ಇಲ್ಲಿಯವರೆಗೆ ಎರಡು ಲಕ್ಷಕ್ಕೂ ಮೀರಿ ತಯಾರಾಗಿವೆ. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿದೆ. 2019ರಿಂದ ಅಧಿಕೃತ ಹೆಸರು ಐಎಲ್‌ಸಿಎ. ಕ್ಲಬ್ಬಿನಲ್ಲಿ ಈಗಲೂ ಬಾಯಿಗೆ ಬರುವುದು ಲೇಸರ್ ಎಂದೇ.

4.2 ಮೀಟರ್ ಉದ್ದ, ಬರೀ ಒಡಲು 59 ಕೆಜಿ. ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಹಾಕಬಹುದು. ಐಎಲ್‌ಸಿಎ 7ಕ್ಕೆ ಸುಮಾರು 7 ಚದರ ಮೀಟರ್, 6ಕ್ಕೆ 5.7, 4ಕ್ಕೆ 4.7. ಹಾಯಿಯ ಜೊತೆ ಮಾಸ್ಟಿನ ಕೆಳಗಿನ ತುಂಡೂ ಬದಲಾಗುತ್ತದೆ. 75 ಕೆಜಿ ದಾಟಿದವರಿಗೆ 7, 60ರಿಂದ 72ರವರಿಗೆ 6, ಅದಕ್ಕಿಂತ ಹಗುರದವರಿಗೆ 4 ಅನ್ನುವುದು ಒಂದು ಅಂದಾಜು. ಇದು ಗಟ್ಟಿಮುಟ್ಟಾದ ದೇಹಗಳ ಲೆಕ್ಕ. ಮರಳಿ ಬರುವವರು ಗಡಿಯಲ್ಲಿದ್ದರೆ ಚಿಕ್ಕ ಹಾಯಿಯಿಂದ ಶುರುಮಾಡಿ. ನಾನು 74 ಕೆಜಿ ಇದ್ದೆ, 6ರಲ್ಲೇ ಒಂದು ವರ್ಷ ಖುಷಿಯಾಗಿದ್ದೆ. ಹುಡುಗಿಯರ ಹಾಯಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗಂದವರು ಗಾಳಿ ಬಂದಾಗ ಮಗುಚಿರುತ್ತಾರೆ.

ಇದರ ಗುಣ ನಮ್ಮ ಸ್ಪ್ಲೆಂಡರ್ ಬೈಕಿನದು. ಎಲ್ಲಿ ಹೋದರೂ ಬಿಡಿಭಾಗ ಸಿಗುತ್ತದೆ, ಯಾರಿಗೆ ಬೇಕಾದರೂ ರಿಪೇರಿ ಗೊತ್ತು, ಹಳೆಯದಾದರೂ ಕೊಳ್ಳುವವರು ಇರುತ್ತಾರೆ. ಕೆಲವು ನೂರು ಪೌಂಡಿಗೆ ಹಳೇ ಲೇಸರ್ ಸಿಗುತ್ತದೆ.

ಆದರೆ ಇದು ಸುಖದ ದೋಣಿಯಲ್ಲ. ಬೂಮ್ ತೀರಾ ಕೆಳಗೆ. ಗಾಳಿ ಜೋರಿದ್ದಾಗ ಹಾಯಿಯನ್ನು ಚಪ್ಪಟೆ ಮಾಡಲು ಬೂಮನ್ನು ಕೆಳಕ್ಕೆ ಎಳೆದು ಬಿಗಿದಿರುತ್ತೇವೆ, ಆಗ ಅದರಡಿ ತೂರುವುದು ಬೆಕ್ಕಿಗೂ ಕಷ್ಟ. ಅಂಚಿನಲ್ಲಿ ಕೂತು ಹೈಕಿಂಗ್ ಮಾಡುವಾಗ ತೊಡೆಯ ಹಿಂಭಾಗ ಸವೆಯುತ್ತದೆ, ಮೊಣಕಾಲಿಗೆ ಭಾರ ಬೀಳುತ್ತದೆ. ಗಾಳಿ ಹಿಂದಿನಿಂದ ಬರುವಾಗ ಅತ್ತಿತ್ತ ತೊನೆದು, ಗಾಳಿ ಬರುವ ಬದಿಗೇ ನಿಮ್ಮನ್ನು ನೀರಿಗೆ ಎಸೆಯುವ ಕೆಟ್ಟ ಅಭ್ಯಾಸವೂ ಇದೆ. ಐವತ್ತು ದಾಟಿ ಲೇಸರ್ ಓಡಿಸುವವರು ಬಹಳ ಇದ್ದಾರೆ. ಅವರಲ್ಲಿ ಹೆಚ್ಚಿನವರು ನಡುವೆ ಬಿಟ್ಟಿರಲೇ ಇಲ್ಲ ಅನ್ನುವುದನ್ನು ಗಮನಿಸಿ.

ಇಲ್ಲೇ ಬೆಂಗಳೂರಿನವರ ಮಾತು ಹೇಳಿಬಿಡುತ್ತೇನೆ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ ಇರುವುದು ಹಲವರಿಗೆ ಗೊತ್ತು. ಭಾರತದಲ್ಲಿ ಒಬ್ಬರೇ ರೇಸ್ ಓಡಿಸಬೇಕೆಂದರೆ ಆಯ್ಕೆಯ ತಲೆನೋವು ಇಲ್ಲ, ಐಎಲ್‌ಸಿಎ ಒಂದೇ ದಾರಿ. ದೇಶದ ಒಳ್ಳೆಯ ಓಟಗಾರರು ಇರುವುದು ಅದರಲ್ಲೇ. ನೇತ್ರಾ ಕುಮಾನನ್ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಲೇಸರ್ ರೇಡಿಯಲ್‌ನಲ್ಲಿ, ಅಂದರೆ ಈಗಿನ 6ರಲ್ಲಿ. ವಿಷ್ಣು ಸರವಣನ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು 7ರಲ್ಲಿ. ಅದೇ ಕೂಟದಲ್ಲಿ ನೇಹಾ ಠಾಕೂರ್ ಹುಡುಗಿಯರ ಐಎಲ್‌ಸಿಎ 4ರಲ್ಲಿ ಬೆಳ್ಳಿ ಗೆದ್ದರು. ಚೆಂದದ ಹೊಸ ವಿದೇಶಿ ದೋಣಿ ತರಿಸಿಕೊಂಡರೆ, ಮುರಿದ ಒಂದು ಕೊಂಡಿಗೂ ತಿಂಗಳುಗಟ್ಟಲೆ ಕಾಯಬೇಕು.

ಸೋಲೋ: ಅವಸರವಿಲ್ಲದ ದೋಣಿ

ಎರಡನೇ ವರ್ಷ ನಾನು ಹೋದದ್ದು ಸೋಲೋ ಕಡೆಗೆ. ಇಂಗ್ಲೆಂಡಿನ ಒಳನಾಡಿನ ಜಲಾಶಯಗಳಲ್ಲಿ, ನೆದರ್ಲೆಂಡ್ಸ್‌ನಲ್ಲಿ ಇದು ಬಹಳ. 3.78 ಮೀಟರ್ ಉದ್ದ, ಒಡಲು 70 ಕೆಜಿ, 8.4 ಚದರ ಮೀಟರ್ ಹತ್ತಿರದ ಹಾಯಿ. ಹಾಯಿಯ ಅಗಲಕ್ಕೂ ಉದ್ದದ ಗಟ್ಟಿ ಪಟ್ಟಿಗಳಿರುತ್ತವೆ. ಗಾಳಿಯಲ್ಲಿ ಬಿಟ್ಟರೂ ಅದು ಪಟಪಟ ಬಡಿದು ಹುಚ್ಚೆಬ್ಬಿಸುವುದಿಲ್ಲ, ತಣ್ಣಗೆ ನಿಲ್ಲುತ್ತದೆ. ಹೊರಡುವ ಗೆರೆಯ ಬಳಿ ಕಾಯುವಾಗ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಲೇಸರ್‌ನಿಂದ ಬಂದವರನ್ನೇ ಕೇಳಬೇಕು.

ಇದರ ವಿನ್ಯಾಸಕಾರ ಜಾಕ್ ಹೋಲ್ಟ್. ವರ್ಷ 1956. ಈ ಹೆಸರನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿ ನೋಡಿದರೆ, ಮಂಗಳೂರಿನಲ್ಲಿ ನಾನು ಕಲಿತ ಎಂಟರ್‌ಪ್ರೈಸ್ ಕೂಡ ಅವರದೇ, ಅದೂ 1956ರದ್ದೇ! ಎರಡಕ್ಕೂ ಚಪ್ಪಟೆ ಹಲಗೆಗಳನ್ನು ಕೋನದಲ್ಲಿ ಜೋಡಿಸಿದಂತಹ ಒಡಲು. ಮನೆಯ ಶೆಡ್ಡಿನಲ್ಲಿ ಪ್ಲೈವುಡ್ಡಿನಿಂದ ಜನ ತಾವೇ ಕಟ್ಟಿಕೊಳ್ಳಲಿ ಅಂತ ಮಾಡಿದ ಆಕಾರ ಅದು. ಮೊದಲ ದಿನ ಸೋಲೋ ಹತ್ತಿ ಒಂದು ಬದಿಗೆ ವಾಲಿದಾಗ, ಅದು ಸ್ವಲ್ಪ ವಾಲಿ ಆ ಕೋನದ ಮೇಲೆ ಗಟ್ಟಿಯಾಗಿ ಕೂತಿತು. ಆ ಅನುಭವ ನನ್ನ ಸೊಂಟಕ್ಕೆ ನೆನಪಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಹಳೇ ಮೇಷ್ಟ್ರ ಕೈಬರಹ ಕಂಡಂತಾಯಿತು.

ಅನುಕೂಲಗಳು ಇನ್ನೂ ಇವೆ. ಬೂಮ್ ಲೇಸರ್‌ನದಕ್ಕಿಂತ ಮೇಲಿದೆ. ಒಳಗೆ ಕಾಲಿಡಲು ಜಾಗ ಇದೆ. ನೀರೊಳಗಿನ ಅಡಿಹಲಗೆ ತಿರುಗುಗೂಟದ ಮೇಲೆ ಮಡಚಿಕೊಳ್ಳುತ್ತದೆ. ಆಳ ಕಡಿಮೆಯಿರುವ ದಡಕ್ಕೆ ಬಂದಾಗ ನೆಲ ತಾಗಿದರೂ ತಾನೇ ಮೇಲೇಳುತ್ತದೆ. ಲೇಸರ್‌ನದು ಮೇಲಿನಿಂದ ತೂರಿಸುವ ಹಲಗೆ, ಮರೆತರೆ ಧಡ್ ಎಂದು ನೆಲಕ್ಕೆ ಬಡಿಯುತ್ತದೆ. ಸೋಲೋ ಜೋರು ಓಟದ ದೋಣಿಯಲ್ಲ. 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್, ಗಾಳಿಯಲ್ಲಿ ನೀರಿನ ಮೇಲೆ ಹಾರಿಹೋಗುವ ಮಜಾ ಬೇಕು ಅನ್ನುವವರಿಗೆ ಸಪ್ಪೆ ಅನ್ನಿಸಬಹುದು. ಮಗುಚಿ ಎದ್ದಾಗ ಹಳೇ ಸೋಲೋ ಒಳಗೆ ನೀರು ತುಂಬಿಕೊಂಡಿರುತ್ತದೆ, ತಳದ ಬೈಲರ್, ಅಂದರೆ ನೀರು ಹೊರಬಿಡುವ ಕಿಂಡಿ, ತೆರೆದು ಓಡುತ್ತಾ ಖಾಲಿ ಮಾಡಬೇಕು. ಆದರೆ ರೇಸ್ ಅಂದರೆ ಗಾಳಿ ತಿರುಗುವುದನ್ನು ಓದುವುದು, ಪಕ್ಕದವನನ್ನು ಜಾಣತನದಿಂದ ಹಿಂದೆ ಹಾಕುವುದು ಅಂದುಕೊಂಡವರಿಗೆ ಇದು ಹಬ್ಬ. ಚದುರಂಗದ ಹಾಗೆ.

65 ಕೆಜಿಗಿಂತ ಹಗುರ ಇದ್ದವರು ಇದೇ ಸ್ವಭಾವದ ಸ್ಟ್ರೀಕರ್ ನೋಡಬಹುದು. ಅದೂ ಜಾಕ್ ಹೋಲ್ಟ್‌ರದೇ, 1975ರದು. ಒಡಲು 48 ಕೆಜಿ ಮಾತ್ರ, ಹಾಯಿ 6.5 ಚದರ ಮೀಟರ್.

ಆರ್‌ಎಸ್ ಏರೊ: ದುಡ್ಡು ಇದ್ದರೆ

2014ರಲ್ಲಿ ಬಂದ ಹೊಸ ಕಾಲದ ದೋಣಿ. ವಿನ್ಯಾಸ ಜೋ ರಿಚರ್ಡ್ಸ್ ಅವರದು. 4 ಮೀಟರ್ ಉದ್ದದ ಒಡಲಿನ ತೂಕ 30 ಕೆಜಿ. ಲೇಸರ್‌ನ ಅರ್ಧ! 5, 6, 7, 9 ಅನ್ನುವ ನಾಲ್ಕು ಅಳತೆಯ ಹಾಯಿಗಳಿರುವುದರಿಂದ, ಹದಿಹರೆಯದ ಮಗಳೂ ತೊಂಬತ್ತು ಕೆಜಿಯ ಅಪ್ಪನೂ ಒಂದೇ ಒಡಲನ್ನು ಬಳಸಬಹುದು.

ತೂಕದ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಓಟ ಮುಗಿಸಿ, ತೊಡೆ ನಡುಗುತ್ತಾ, ಒದ್ದೆ ಬಟ್ಟೆಯಲ್ಲಿ ದಡದ ಇಳಿಜಾರಿನ ಮೇಲೆ ದೋಣಿಯನ್ನು ಟ್ರಾಲಿಯಲ್ಲಿ ಎಳೆಯುವಾಗ ಒಂದೊಂದು ಕೆಜಿಯೂ ಲೆಕ್ಕಕ್ಕೆ ಬರುತ್ತದೆ. ಕ್ಲಬ್‌ನಲ್ಲಿ ಜನ ಸಹಾಯ ಮಾಡುತ್ತಾರೆ, ನಿಜ. ಆದರೆ ವಾರದ ದಿನ ಸಂಜೆ ಒಬ್ಬರೇ ಹೋಗುವ ಆಸೆ ಇದ್ದರೆ ಈ ಎಳೆದಾಟವೇ ನೀವು ಹೋಗುತ್ತೀರೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುತ್ತದೆ.

ಓಟದಲ್ಲಿ ಚುರುಕು. ಚಿಕ್ಕ ಗಾಳಿಗೂ ಮುಂದಕ್ಕೆ ಜಿಗಿಯುತ್ತದೆ. ಆದರೆ ಹಗುರ ಆದ್ದರಿಂದ ನಿಂತಾಗ ಅಲುಗಾಟ ಜಾಸ್ತಿ, ನೀವು ಎಲ್ಲಿ ಕಾಲಿಟ್ಟಿರಿ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಬೆಲೆಯೂ ಗೊತ್ತಾಗುತ್ತದೆ. ಇನ್ನೂ ಹೆಚ್ಚು ಹಳೆಯದಾಗಿಲ್ಲದ ಬಗೆ ಆದ್ದರಿಂದ ಸೆಕೆಂಡ್‌ಹ್ಯಾಂಡ್ ಕೂಡ ಅಗ್ಗವಲ್ಲ.

ತೊಂಬತ್ತು ಕೆಜಿ ದಾಟಿದವರಿಗೆ

ನಿಮಗೆ ಬೇಸರ ಬೇಡ, ನಿಮಗಾಗಿಯೇ ದೋಣಿಗಳಿವೆ. ಫಿನ್ ಅವುಗಳ ದೊಡ್ಡಣ್ಣ. ಸ್ವೀಡನ್ನಿನ ರಿಕಾರ್ಡ್ ಸರ್ಬಿ 1949ರಲ್ಲಿ ರೂಪಿಸಿದ್ದು. 1952ರ ಹೆಲ್ಸಿಂಕಿಯಿಂದ ಟೋಕಿಯೊವರೆಗೆ ಒಲಿಂಪಿಕ್ಸ್‌ನಲ್ಲಿತ್ತು. ಬ್ರಿಟನ್ನಿನ ಬೆನ್ ಐನ್ಸ್ಲಿ ಲೇಸರ್‌ನಲ್ಲಿ ಚಿನ್ನ ಗೆದ್ದ ಮೇಲೆ, ತೂಕ ಹೆಚ್ಚಿಸಿಕೊಂಡು ಫಿನ್‌ಗೆ ಬಂದು, 2004, 2008, 2012ರಲ್ಲಿ ಮೂರು ಚಿನ್ನ ಗೆದ್ದರು. ದೋಣಿಗಾಗಿ ತೂಕ ಹೆಚ್ಚಿಸಿಕೊಂಡವರನ್ನು ನೆನೆಸಿಕೊಂಡು ಒಂದು ಹೋಳಿಗೆ ಜಾಸ್ತಿ ತಿನ್ನಬಹುದು. ಆದರೆ ಫಿನ್ ಒಡಲೇ ನೂರು ಕೆಜಿ ಮೀರುತ್ತದೆ, ದಡದ ಮೇಲೆ ಒಬ್ಬರ ಕೆಲಸವಲ್ಲ.

ಫ್ಯಾಂಟಮ್ ಅಷ್ಟೇ ತೂಕದವರಿಗೆ ಸರಿಹೊಂದುವ, ಆದರೆ 61 ಕೆಜಿಯ ಹಗುರ ಒಡಲು. ಹಾಯಿ ದೊಡ್ಡದು. ಇಂಗ್ಲೆಂಡಿನ ಹೊರಗೆ ಅಷ್ಟಾಗಿ ಕಾಣಿಸದು. ಡೆನ್ಮಾರ್ಕಿನ ಕ್ನುಡ್ ಓಲ್ಸೆನ್ 1957ರಲ್ಲಿ ಮಾಡಿದ ಓಕೆ ಡಿಂಗಿ ಇವೆರಡಕ್ಕಿಂತ ಚಿಕ್ಕದು. 80ರಿಂದ 95 ಕೆಜಿಯವರು ಅದನ್ನು ಬಹಳ ಪ್ರೀತಿಸುತ್ತಾರೆ.

ಕೊಳ್ಳುವ ಮುನ್ನ ಬೇಕೆಂದೇ ಮಗುಚಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಎಲ್ಲರೂ ನಾಚಿಕೆಯಿಂದ ಬಿಡುವ ಹೆಜ್ಜೆ. ಕ್ಲಬ್‌ಗಳಲ್ಲಿ ಬಾಡಿಗೆಗೆ ಕೊಡುವ ದೋಣಿಗಳಿರುತ್ತವೆ. ಇಲ್ಲದಿದ್ದರೆ ಸದಸ್ಯರನ್ನು ಕೇಳಿ. ತಮ್ಮ ದೋಣಿ ಇನ್ನೊಬ್ಬರು ಹೊಗಳಲಿ ಅಂತ ಆಸೆ ಇಲ್ಲದವರು ಯಾರಿದ್ದಾರೆ? ಖಂಡಿತ ಕೊಡುತ್ತಾರೆ. ರಕ್ಷಣಾ ದೋಣಿ ನೀರಲ್ಲಿರುವ ದಿನ, 8ರಿಂದ 10 ನಾಟ್ ಗಾಳಿಯಲ್ಲಿ ಹೋಗಿ.

ಒಂದು ಸುತ್ತು ಓಡಿಸಿದ ಮೇಲೆ ಬೇಕೆಂದೇ ಮಗುಚಿ. ಈಗ ನೋಡಿ. ಹಾಯಿಯ ಹಗ್ಗ ಸಡಿಲಿಸಿ, ಈಜಿ ದೋಣಿಯ ತಳದ ಕಡೆಗೆ ಹೋಗಿ, ಅಡಿಹಲಗೆ ಹಿಡಿದು ಅದರ ಮೇಲೆ ಹತ್ತಿ ಅಂಚು ಹಿಡಿದು ಹಿಂದಕ್ಕೆ ವಾಲಬೇಕು. ನಿಮ್ಮ ತೂಕಕ್ಕೆ ದೋಣಿ ಏಳುತ್ತದೆಯೇ? ಎದ್ದ ಮೇಲೆ ಅಂಚಿನ ಮೇಲಿಂದ ಒಳಗೆ ಹತ್ತಲು ಆಗುತ್ತದೆಯೇ? ಸುಸ್ತಾಗದೆ ಮೂರನೇ ಸಲವೂ ಆಗುತ್ತದೆಯೇ? ಮೂರನೇ ಸಲ ಆಗದಿದ್ದರೆ ಆ ದೋಣಿ ನಿಮ್ಮದಲ್ಲ, ಎಷ್ಟೇ ಚೆಂದ ಇರಲಿ. ದೋಣಿ ಎಬ್ಬಿಸುವಾಗ ಅದರ ಮೂತಿ ಗಾಳಿಯ ಕಡೆಗೆ ತಿರುಗಲು ಬಿಡಿ, ಇಲ್ಲದಿದ್ದರೆ ಎದ್ದ ವೇಗಕ್ಕೇ ಗಾಳಿ ಹಾಯಿಗೆ ನುಗ್ಗಿ ನಿಮ್ಮ ತಲೆಯ ಮೇಲೇ ಇನ್ನೊಂದು ಬದಿಗೆ ಬೀಳುತ್ತದೆ. ನನ್ನ ಏಳರಲ್ಲಿ ನಾಲ್ಕು ಹೀಗೆ ಬಿದ್ದದ್ದು.

ಹಳೇ ದೋಣಿಯನ್ನು ನೋಡುವ ಬಗೆ

ಹೊಸದು ಬೇಡ, ಕನಿಷ್ಠ ಮೊದಲ ಎರಡು ವರ್ಷ ಬೇಡ. ಹಳೆಯದನ್ನು ನೋಡಲು ಹಗಲಲ್ಲೇ ಹೋಗಿ. ಮಳೆಯಲ್ಲಿ ಎಲ್ಲ ದೋಣಿಯೂ ಹೊಳೆಯುತ್ತದೆ.

ಲೇಸರ್ ಆದರೆ ಮೊದಲು ಮಾಸ್ಟ್ ನಿಲ್ಲುವ ಗುಂಡಿಗೆ ಬಾಯಿಮಟ್ಟ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ ಆ ನೀರು ಒಡಲೊಳಗೆ ಹೋಗುತ್ತಿದೆ. ಇದು ಚಿಕ್ಕ ಸೋರಿಕೆಯಲ್ಲ. ಗಾಳಿಯ ಒತ್ತಡವೆಲ್ಲ ಬೀಳುವ ಜಾಗ ಅದು, ಒಂದು ದಿನ ಮಾಸ್ಟ್ ಡೆಕ್ಕನ್ನೇ, ಅಂದರೆ ಒಡಲಿನ ಮೇಲ್ಭಾಗವನ್ನೇ, ಸೀಳಿಕೊಂಡು ಬೀಳಬಹುದು. ಆಮೇಲೆ ಡೆಕ್ ಮೇಲೆ ಅಂಗೈ ಒತ್ತುತ್ತಾ ಹೋಗಿ. ಮೆತ್ತಗೆ ಕುಸಿದರೆ ಒಳಗಿನ ಫೋಮ್ ಕೆಟ್ಟಿದೆ. ಪಾದ ಸಿಕ್ಕಿಸುವ ಪಟ್ಟಿಯ ಸ್ಕ್ರೂಗಳನ್ನು ಜೋರಾಗಿ ಎಳೆದು ನೋಡಿ. ಸಾಧ್ಯವಾದರೆ ಬಾತ್‌ರೂಮಿನ ತಕ್ಕಡಿ ಒಯ್ದು ತೂಕ ನೋಡಿ. 59 ಇರಬೇಕಾದದ್ದು 68 ತೋರಿಸಿದರೆ ಅದು ನೀರು ಕುಡಿದ ದೋಣಿ. ಮಾಸ್ಟಿನ ಮೇಲಿನ ತುಂಡನ್ನು ನೆಲದ ಮೇಲೆ ಉರುಳಿಸಿ, ಬಾಗಿದ್ದರೆ ಕುಣಿಯುತ್ತದೆ.

ಮರದ ಸೋಲೋ ಆದರೆ ವಾರ್ನಿಶ್ ಅಡಿಯಲ್ಲಿ ಕಪ್ಪು ಕಲೆ ಹುಡುಕಿ, ಅಲ್ಲಿ ಉಗುರು ಒತ್ತಿ. ಅಡಿಹಲಗೆಯ ಪೆಟ್ಟಿಗೆ ತಳಕ್ಕೆ ಸೇರುವ ಜಾಗ ಮೊದಲು ಕೊಳೆಯುತ್ತದೆ. ಅಳತೆಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ, ಮುಂದೆ ದೊಡ್ಡ ಸ್ಪರ್ಧೆಗೆ ಹೋಗಲು ಬೇಕು. ಹಾಗೆಯೇ ಲೇಸರ್ ಹಾಯಿ ಕೊಳ್ಳುವಾಗ ಅದು ಅಧಿಕೃತವೋ ಅಭ್ಯಾಸಕ್ಕೆ ಮಾಡಿದ ನಕಲೋ ಕೇಳಿ. ನಕಲು ಅಗ್ಗ, ಕ್ಲಬ್ ಓಟಕ್ಕೆ ಎಷ್ಟೋ ಕಡೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಚಾಂಪಿಯನ್‌ಶಿಪ್‌ಗೆ ನಡೆಯದು.

ಟ್ರಾಲಿ ಮತ್ತು ಕವರ್ ಸೇರಿದೆಯೇ ಎಂದು ಬೆಲೆ ಮಾತಾಡುವ ಮೊದಲೇ ಕೇಳಿ. ನಿಮ್ಮ ಹಣದಲ್ಲಿ ಮೂರರಲ್ಲಿ ಒಂದು ಪಾಲು ಕೈಯಲ್ಲೇ ಇಟ್ಟುಕೊಳ್ಳಿ. ಹೊಸ ಹಾಯಿ, ಹೊಸ ಹಗ್ಗ, ಕ್ಲಬ್ ಶುಲ್ಕ, ದೋಣಿ ನಿಲ್ಲಿಸುವ ಬಾಡಿಗೆ, ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ, ಎಲ್ಲ ಅದರಲ್ಲೇ ಬರಬೇಕು.

ಬಟ್ಟೆಯೂ ಅದರಲ್ಲೇ ಬರಬೇಕು, ಅದನ್ನು ಮಾತ್ರ ಕಡಿಮೆ ಮಾಡಬೇಡಿ. ಮಂಗಳೂರಿನಲ್ಲಿ ಚಡ್ಡಿ ಬನಿಯನ್ನಲ್ಲಿ ಮಗುಚಿದವನಿಗೆ ಇಲ್ಲಿನ ನೀರು ಬೇರೆಯೇ ಪಾಠ ಕಲಿಸುತ್ತದೆ. ಮಾರ್ಚಿನಲ್ಲಿ ಜಲಾಶಯದ ನೀರು 10 ಡಿಗ್ರಿಗೂ ಕೆಳಗೆ. ಬಿದ್ದ ತಕ್ಷಣ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರಲ್ಲಿದ್ದರೆ ಅಪಾಯ. ಮೈ ಬೆಚ್ಚಗಿಡುವ ವೆಟ್‌ಸೂಟ್ ಅಥವಾ ನೀರೇ ಒಳಗೆ ಬಿಡದ ಡ್ರೈಸೂಟ್ ಇಲ್ಲದೆ ಇಳಿಯಬೇಡಿ. ತೇಲಲು 50 ನ್ಯೂಟನ್‌ನ ಜಾಕೆಟ್ ಸಾಕು, ಅದರಲ್ಲಿ ಈಜಿ ದೋಣಿ ಹತ್ತಬಹುದು. ನೀರು ತಾಗಿದ ಕೂಡಲೇ ತಾನೇ ಊದಿಕೊಳ್ಳುವ ಜಾಕೆಟ್ ಡಿಂಗಿಗೆ ಬೇಡ. ಮೊದಲ ಸಲ ಮಗುಚಿದಾಗಲೇ ಊದಿ, ನಿಮ್ಮನ್ನು ಬಲೂನಿನ ಹಾಗೆ ಬೂಮ್ ಮತ್ತು ಡೆಕ್ ನಡುವೆ ಸಿಕ್ಕಿಸುತ್ತದೆ.

ಮೊದಲ ಸೀಸನ್

ಮೊದಲ ಐದು ಓಟಗಳಲ್ಲಿ ಹೊರಡುವ ಗೆರೆಗೆ ಬೇಕೆಂದೇ ಹತ್ತು ಸೆಕೆಂಡು ತಡವಾಗಿ ಬನ್ನಿ. ಗುಂಪಿನ ನಡುವೆ ಸಿಕ್ಕಿ ಬೇರೆಯವರ ದೋಣಿಗೆ ತೂತು ಮಾಡುವುದಕ್ಕಿಂತ ಕೊನೆಯವರಾಗುವುದು ಅಗ್ಗ. ನಿಯಮಗಳ ಪುಸ್ತಕ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ, ಈಗಿನದು 2025ರಿಂದ 2028ರವರೆಗಿನದು. ಪೂರ್ತಿ ಓದುವ ಮೊದಲು ಎರಡು ನಿಯಮ ಗಟ್ಟಿ ಮಾಡಿಕೊಳ್ಳಿ. ಗಾಳಿ ದೋಣಿಯ ಎಡಬದಿಯಿಂದ ಬರುತ್ತಿದ್ದರೆ, ಬಲಬದಿಯಿಂದ ಗಾಳಿ ಪಡೆದವರಿಗೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಬದಿಯಿಂದ ಬರುತ್ತಿದ್ದು, ಅಕ್ಕಪಕ್ಕ ಇದ್ದರೆ, ಗಾಳಿ ಬರುವ ಕಡೆ ಇರುವವರು ದಾರಿ ಬಿಡಬೇಕು. ಕ್ಲಬ್ ಓಟದ ಜಗಳಗಳಲ್ಲಿ ಹೆಚ್ಚಿನವು ಇವೆರಡರಲ್ಲೇ ಮುಗಿಯುತ್ತವೆ.

ಕೊಳ್ಳುವ ಕಾಲದ ಬಗ್ಗೆ ಒಂದು ಗುಟ್ಟು. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಕಂಡ ಕೂಡಲೇ ಎಲ್ಲರಿಗೂ ದೋಣಿ ಬೇಕು, ಬೆಲೆ ಏರುತ್ತದೆ. ನನ್ನ ಕಂಟೆಂಡರ್ ಮಾರಿದ್ದು ಆಗಲೇ, ಇಪ್ಪತ್ತೈದು ದಾಟಿರದ ಹುಡುಗನಿಗೆ. ಕೊಳ್ಳುವವರು ಅಕ್ಟೋಬರ್‌ನಲ್ಲಿ ಕ್ಲಬ್ಬಿನ ದೋಣಿ ಜಾಗದಲ್ಲಿ ಒಂದು ಸುತ್ತು ಹಾಕಿ. ಕವರ್ ಮೇಲೆ ಮಳೆನೀರು ಮಡುಗಟ್ಟಿ, ಟ್ರಾಲಿಯ ಚಕ್ರಕ್ಕೆ ತುರಿಕೆ ಗಿಡ ಹಬ್ಬಿರುವ ದೋಣಿ ಕಾಣಿಸುತ್ತದೆ. ಜಾಗದ ಬಾಡಿಗೆ ಮತ್ತೆ ಕಟ್ಟಬೇಕಾದ ಕಾಲ ಬರುತ್ತಿರುತ್ತದೆ. ಅದರ ಮಾಲೀಕರು ಯಾರು ಅಂತ ಕಾರ್ಯದರ್ಶಿಯನ್ನು ಕೇಳಿ ಒಂದು ಫೋನ್ ಮಾಡಿ. ನನ್ನ ಸೋಲೋ ಸಿಕ್ಕಿದ್ದು ಹೀಗೆ. ಮಾಲೀಕರು ಬೆಲೆ ಹೇಳುವ ಮೊದಲು ಕೇಳಿದ್ದು ಒಂದೇ: "ಈ ವಾರದಲ್ಲೇ ತೆಗೆದುಕೊಂಡು ಹೋಗುತ್ತೀರಾ?"